ಸಭೆ, ಪೀಠ, ನಡಾವಳಿ



ರಾಜಕೀಯದ ವಿಚಾರದಲ್ಲಿ ನಾನು ಸಂಪ್ರದಾಯವಾದಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತು ಸಲೀಸಾಗುತ್ತದೆ. ಬಾನುಲಿಯಲ್ಲಿ ಪಕ್ಷಗಳ ಹೆಸರು ಹಿಡಿದು ಹೊಗಳುವುದಾಗಲಿ ತೆಗಳುವುದಾಗಲಿ ಸಲ್ಲದು. ನನಗೂ ಅದರ ಅಗತ್ಯವಿಲ್ಲ, ಯಾಕೆಂದರೆ ಇವತ್ತು ನಾನು ಹೇಳಬೇಕೆಂದಿರುವ ದೂರಿನಲ್ಲಿ ಎಲ್ಲ ಪಕ್ಷಗಳಿಗೂ ಪಾಲಿದೆ. ಹಿಂದಿನವರು ಬಿಟ್ಟುಹೋದದ್ದರಲ್ಲಿ ಯಾವುದನ್ನು ಕಾಪಾಡಬೇಕು ಎಂದು ಕೇಳಿದರೆ ಈಗ ಬಹಳ ಜನ ಗುಡಿ, ಹಬ್ಬ, ಉಡುಪು, ಊಟ ಎನ್ನುತ್ತಾರೆ. ಅವೆಲ್ಲ ನನಗೂ ಪ್ರಿಯವೇ. ಆದರೆ ಅವಕ್ಕೆ ಅಂಥ ಅಪಾಯವೇನೂ ಒದಗಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬಂದು ನೋಡಿ, ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡುವುದಕ್ಕೆ ಜಾಗವಿರುವುದಿಲ್ಲ. ಅಪಾಯ ಒದಗಿರುವುದು ಬೇರೊಂದಕ್ಕೆ. ಒಬ್ಬರನ್ನೊಬ್ಬರು ಒಪ್ಪದ ಜನ ಒಂದು ಕಡೆ ಸೇರಿ, ಒಬ್ಬರನ್ನು ಪೀಠದಲ್ಲಿ ಕೂರಿಸಿ, ಸರದಿಯಂತೆ ಮಾತಾಡಿ, ಆದ ತೀರ್ಮಾನವನ್ನು ಬರೆದಿಡುವ ಪದ್ಧತಿ ಇದೆಯಲ್ಲ, ಅದು ಸಡಿಲವಾಗುತ್ತಿದೆ. ನಮ್ಮ ವಾರ್ಡಿನಿಂದ ಹಿಡಿದು ವಿಶ್ವಸಂಸ್ಥೆಯವರೆಗೂ ಸಡಿಲವಾಗುತ್ತಿದೆ.

ನಾನಿರುವುದು ಬಸವನಗುಡಿಯಲ್ಲಿ. 1898ರ ಪ್ಲೇಗಿನ ಹೊಡೆತಕ್ಕೆ ಪೇಟೆ ಬಿಟ್ಟು ಹೊರಟ ಜನಕ್ಕಾಗಿ ಮಲ್ಲೇಶ್ವರದ ಜೊತೆಯಲ್ಲೇ ಬೆಳೆದ ಬಡಾವಣೆ ಇದು. ಇಲ್ಲಿ 1945ರಲ್ಲಿ ಆರು ತಿಂಗಳ ಅಂತರದಲ್ಲಿ ಎರಡು ಸಂಸ್ಥೆಗಳು ಹುಟ್ಟಿದವು. ಫೆಬ್ರವರಿ 18ರಂದು ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ತೆರೆದರು. ಆಗಸ್ಟ್ 11ರಂದು ಬಿ.ಪಿ. ವಾಡಿಯಾ ಅವರು ಇಂದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಎಂದು ಕರೆಯುವ ಸಂಸ್ಥೆಯನ್ನು ತೆರೆದರು. ದಿನಾಂಕ ಗಮನಿಸಿ: ಹಿರೋಶಿಮಾದ ಮೇಲೆ ಬಾಂಬು ಬಿದ್ದು ಐದು ದಿನ, ನಾಗಸಾಕಿಯ ಮೇಲೆ ಬಿದ್ದು ಎರಡು ದಿನ ಆಗಿತ್ತು. ಜಪಾನ್ ಇನ್ನೂ ಶರಣಾಗಿರಲಿಲ್ಲ. ವಿಶ್ವಸಂಸ್ಥೆ ಜಾರಿಗೆ ಬಂದದ್ದು ಅಕ್ಟೋಬರ್ 24ರಂದು. ಅಂದರೆ ಬಸವನಗುಡಿಯ ಜನ ಲೋಕದ ವಿಚಾರ ಮಾತಾಡಲು ಒಂದು ಸಭಾಂಗಣ ಮಾಡಿಕೊಂಡದ್ದು ಲೋಕದ ರಾಷ್ಟ್ರಗಳು ತಮಗೊಂದು ಸಭೆ ಮಾಡಿಕೊಳ್ಳುವುದಕ್ಕೆ ಎರಡೂವರೆ ತಿಂಗಳು ಮುಂಚೆ.

ವಾಡಿಯಾ ಅವರು ಮುಂಬಯಿಯ ಪಾರ್ಸಿ. 1917ರಲ್ಲಿ ಆನಿ ಬೆಸೆಂಟರ ಜೊತೆ ನಜರುಬಂದಿಯಾಗಿದ್ದವರು, ಮರುವರ್ಷ ಮದರಾಸಿನಲ್ಲಿ ಗಿರಣಿ ಕಾರ್ಮಿಕರ ಸಂಘ ಕಟ್ಟಿದವರು. ಡಿ.ವಿ.ಜಿ. ಮುಳಬಾಗಿಲಿನವರು, ಪತ್ರಿಕೆಯಲ್ಲೇ ಬದುಕು ಕಟ್ಟಿಕೊಂಡವರು, ಗೋಖಲೆಯವರ ಮಿತವಾದ ಮಾರ್ಗವನ್ನು ನಂಬಿದವರು. ಹಿನ್ನೆಲೆಯಲ್ಲಾಗಲಿ ಸ್ವಭಾವದಲ್ಲಾಗಲಿ ಇಬ್ಬರಿಗೂ ಹೋಲಿಕೆಯಿರಲಿಲ್ಲ. ಆದರೂ ಇಬ್ಬರೂ ಮಾಡಿದ ಕೆಲಸ ಒಂದೇ: ಗ್ರಂಥಾಲಯ, ಉಪನ್ಯಾಸ, ಪ್ರಶ್ನೆ ಕೇಳಲು ಅವಕಾಶ. ಪಕ್ಷದ ಹಂಗಿಲ್ಲದೆ ಸಾರ್ವಜನಿಕ ವಿಷಯಗಳನ್ನು ಓದಿ, ತಿಳಿದು, ಚರ್ಚಿಸುವ ಜನ ತಯಾರಾಗದಿದ್ದರೆ ಸ್ವರಾಜ್ಯ ಬಂದರೂ ನಿಲ್ಲುವುದಿಲ್ಲ ಎಂಬ ಕಳಕಳಿ ಡಿ.ವಿ.ಜಿ.ಯವರದು. 1970ರಲ್ಲಿ ನಾಡು ತಮಗೆ ಗೌರವದಿಂದ ಅರ್ಪಿಸಿದ 90,000 ರೂಪಾಯಿ ನಿಧಿಯನ್ನು ಅವರು ಸಂಸ್ಥೆಗೇ ಕೊಟ್ಟುಬಿಟ್ಟರು. ಆಗ ಅವರಿಗೆ 83 ವರ್ಷ.

ಈಗ ಲೋಕದ ವಿಷಯಕ್ಕೆ ಬರುತ್ತೇನೆ. ರಾಷ್ಟ್ರಗಳು 1945ರಲ್ಲಿ ಮಾಡಿಕೊಂಡ ಏರ್ಪಾಡು ಇವತ್ತು ನಮ್ಮ ಕಣ್ಣೆದುರಿಗೇ ಕುಸಿಯುತ್ತಿದೆ. ವಿಶ್ವಸಂಸ್ಥೆಯಿಂದ ಏನೂ ಆಗುವುದಿಲ್ಲ, ಮುಚ್ಚಿಬಿಟ್ಟರೆ ಒಳ್ಳೆಯದು ಎಂದು ಸುಲಭವಾಗಿ ಹೇಳುವವರು ನಮ್ಮ ಬೀದಿಯಲ್ಲೂ ಇದ್ದಾರೆ. ಅವರಿಗೆ ನಾನು ನಮ್ಮ ನಾಡಿನ ಇಬ್ಬರ ಕಥೆ ಹೇಳುತ್ತೇನೆ.

1950ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠ ಸರದಿಯಂತೆ ಭಾರತಕ್ಕೆ ಬಂದಿತ್ತು. ಅಲ್ಲಿ ಕೂತಿದ್ದವರು ನಮ್ಮ ಕರಾವಳಿಯ ಬೆನಗಲ್ ಮನೆತನದ ಸರ್ ಬಿ.ಎನ್. ರಾವ್, ಅದಕ್ಕೆ ಮುಂಚೆ ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು. ತಿಂಗಳ 25ರಂದು ಕೊರಿಯಾದಲ್ಲಿ ಯುದ್ಧ ಶುರುವಾಯಿತು. ಅಂದೇ ಮಂಡಳಿ ಸೇರಿತು. ಸೇನೆ ಹಿಂದೆ ಸರಿಯಬೇಕೆಂಬ ಮೊದಲ ನಿರ್ಣಯಕ್ಕೆ ಭಾರತ ಮತ ಕೊಟ್ಟಿತು. ಎರಡು ದಿನ ಬಿಟ್ಟು ದಕ್ಷಿಣ ಕೊರಿಯಾಕ್ಕೆ ಸೇನಾ ನೆರವಿನ ನಿರ್ಣಯ ಬಂದಾಗ ದೆಹಲಿಯಿಂದ ಇನ್ನೂ ಸೂಚನೆ ಬಂದಿರಲಿಲ್ಲ. ಪೀಠದಲ್ಲಿ ತಾವೇ ಕೂತಿದ್ದರೂ, ಇಡೀ ಲೋಕ ನೋಡುತ್ತಿದ್ದರೂ, ರಾವ್ ಅವರು ಮತ ಹಾಕಲಿಲ್ಲ. ಸೂಚನೆ ಬಂದ ಮೇಲೆ ಒಪ್ಪಿಗೆ ತಿಳಿಸಿದರು. ತಮ್ಮ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿದಿದ್ದ ಮನುಷ್ಯ ಅವರು. ಅಂಥವರು ಈಗ ಯಾವ ದೇಶದ ಆಡಳಿತದಲ್ಲಿ ಎಷ್ಟು ಜನ ಇದ್ದಾರೆ ಎಂದು ನಾನು ಯೋಚಿಸುತ್ತಿರುತ್ತೇನೆ.

ಮೂರು ವರ್ಷದ ನಂತರ ಆ ಯುದ್ಧ ನಿಂತಾಗ ಮತ್ತೊಂದು ಗಂಟು ಉಳಿಯಿತು. ಸೆರೆಸಿಕ್ಕ ಸೈನಿಕರಲ್ಲಿ 22,000ಕ್ಕೂ ಮಿಕ್ಕಿದವರು ತಮ್ಮ ದೇಶಕ್ಕೆ ವಾಪಸು ಹೋಗಲು ಒಪ್ಪಲಿಲ್ಲ. ಅವರನ್ನು ಕಾಯಬೇಕು, ಎರಡೂ ಕಡೆಯವರು ಬಂದು ಮನವೊಲಿಸಲು ಅವಕಾಶ ಕೊಡಬೇಕು, ಯಾರ ಮೇಲೂ ಬಲವಂತ ಆಗಬಾರದು. ಆ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಕೊಡಗಿನ ಕೆ.ಎಸ್. ತಿಮ್ಮಯ್ಯನವರು. ಕಾವಲಿಗಿದ್ದದ್ದು ನಮ್ಮ ಸೈನಿಕರು. ಎರಡೂ ಕಡೆಯಿಂದ ಬೈಗುಳ ಕೇಳಿ, ಗುಂಡು ಹಾರಿಸುವಂಥ ಕೆಣಕುಗಳ ನಡುವೆ ತಾಳ್ಮೆ ಉಳಿಸಿಕೊಂಡು ಆ ಕೆಲಸ ಮುಗಿಸಿ ಬಂದರು. ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದಾಗಲೇ, 1965ರಲ್ಲಿ, ತಿಮ್ಮಯ್ಯನವರು ತೀರಿಕೊಂಡರು. ಭಾರತಕ್ಕೆ ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನ ಸಿಗಬೇಕು ಎಂದು ನಾವೆಲ್ಲ ಬಯಸುತ್ತೇವೆ, ನಾನೂ ಬಯಸುತ್ತೇನೆ. ಆದರೆ ಆ ಸಭೆಯ ಮಾತಿಗೇ ಬೆಲೆ ಇಲ್ಲವಾದ ಮೇಲೆ ಅಲ್ಲಿ ಕುರ್ಚಿ ಸಿಕ್ಕಿ ಏನು ಪ್ರಯೋಜನ?

ದೂರದ ದೇಶಗಳ ಜಗಳ ನಮಗೇಕೆ ಎನ್ನುವ ಕಾಲ ಹೋಯಿತು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಬಿದ್ದ ಕೆಲವೇ ದಿನಗಳಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಖಾರ್ಕಿವ್ ನಗರದಲ್ಲಿ ಪ್ರಾಣ ಕಳೆದುಕೊಂಡ. ನಮಗೆ ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ಬರುತ್ತಿದ್ದದ್ದೇ ಆ ಎರಡು ದೇಶಗಳಿಂದ. ಗಾಂಧಿ ಬಜಾರಿನ ದಿನಸಿ ಅಂಗಡಿಗಳಲ್ಲಿ ಎಣ್ಣೆ ಪ್ಯಾಕೆಟ್ಟಿನ ಬೆಲೆ ಏರುತ್ತಾ ಹೋಯಿತು. 2023ರ ಏಪ್ರಿಲ್‌ನಲ್ಲಿ ಸುಡಾನ್ ದೇಶದ ಇಬ್ಬರು ಸೇನಾಧಿಪತಿಗಳು ಹೊಡೆದಾಡಿಕೊಂಡರು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯಿಂದ ಗಿಡಮೂಲಿಕೆ ಮಾರಲು ಹೋಗಿದ್ದ 31 ಮಂದಿ ಹಕ್ಕಿಪಿಕ್ಕಿ ಜನ ಅಲ್ಲಿ ಅನ್ನ ನೀರಿಗೆ ಕಷ್ಟಪಟ್ಟು ಸಿಕ್ಕಿಕೊಂಡರು. ಅವರನ್ನು ಕರೆತಂದ ವಿಷಯದಲ್ಲೂ ಇಲ್ಲಿ ರಾಜಕೀಯದ ಕೆಸರೆರಚಾಟ ನಡೆದದ್ದು ನನಗೆ ತುಂಬ ಬೇಸರ ತಂದಿತು.

ಮತ್ತೆ 2025. ಆಗಸ್ಟ್ 27ರಿಂದ ಅಮೆರಿಕ ನಮ್ಮ ಹಲವಾರು ಸರಕುಗಳ ಮೇಲೆ ಒಟ್ಟು ಶೇಕಡ 50 ಸುಂಕ ಹೇರಿತು. ಅದರಲ್ಲಿ ಅರ್ಧ, ನಾವು ರಷ್ಯಾದ ಕಚ್ಚಾ ತೈಲ ಕೊಳ್ಳುತ್ತೇವೆ ಎಂಬ ಕಾರಣಕ್ಕೆ. ಸೆಪ್ಟೆಂಬರ್ 19ರಂದು ಎಚ್-1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆ ಹೊರಟಿತು. ನಮ್ಮ ಎದುರುಮನೆಯಲ್ಲಿ ಮಗ ಸೊಸೆ ನವರಾತ್ರಿಗೆಂದು ಬಂದಿದ್ದರು. ಬೊಂಬೆಗಳ ಟ್ರಂಕು ಅಟ್ಟದಿಂದ ಇಳಿದು ನಡುಮನೆಯಲ್ಲಿತ್ತು, ಪಟ್ಟದ ಬೊಂಬೆಗೆ ಸುತ್ತಿದ್ದ ಹಳೇ ಪಂಚೆಯ ತುಂಡನ್ನು ಮೊಮ್ಮಗಳು ಬಿಚ್ಚುತ್ತಿದ್ದಳು. ಶನಿವಾರ ಬೆಳಗ್ಗೆ ಸುದ್ದಿ ಬಂತು. ಹಳೆಯ ವೀಸಾದವರಿಗೂ ಇದು ಅನ್ವಯವೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಸಂಜೆಯೊಳಗೆ ಮಗ ಸೊಸೆ ಇಬ್ಬರೂ ಮಗುವನ್ನು ಕಟ್ಟಿಕೊಂಡು, ಸಿಕ್ಕ ಬೆಲೆಗೆ ಟಿಕೆಟ್ ಕೊಂಡು ವಿಮಾನ ನಿಲ್ದಾಣಕ್ಕೆ ಓಡಿದರು. ಹೊಸ ಅರ್ಜಿಗಳಿಗೆ ಮಾತ್ರ ಎಂಬ ಸ್ಪಷ್ಟನೆ ಬರುವ ಹೊತ್ತಿಗೆ ಅವರು ಆಕಾಶದಲ್ಲಿದ್ದರು. ಆ ತಾಯಿ ಬೊಂಬೆ ಕೂರಿಸಿದರು, ಆದರೆ ಆರತಿಗೆ ಕರೆಯಲಿಲ್ಲ.

ತನ್ನ ದೇಶಕ್ಕೆ ಯಾರು ಬರಬೇಕು, ಯಾವ ಸರಕು ಬರಬೇಕು ಎಂದು ತೀರ್ಮಾನಿಸುವ ಹಕ್ಕು ಅಮೆರಿಕಕ್ಕೆ ಖಂಡಿತ ಇದೆ. ಸಂಪ್ರದಾಯವಾದಿಯಾದ ನಾನು ಆ ಹಕ್ಕನ್ನು ಪ್ರಶ್ನಿಸುವುದಿಲ್ಲ. ನನ್ನ ಆಕ್ಷೇಪ ತೀರ್ಮಾನವಾದ ರೀತಿಗೆ. ಅಲ್ಲಿನ ಸಂವಿಧಾನ ಸುಂಕ ಹಾಕುವ ಅಧಿಕಾರವನ್ನು ಕೊಟ್ಟಿರುವುದು ಅಲ್ಲಿನ ಕಾಂಗ್ರೆಸ್ ಸಭೆಗೆ. ಆ ಸಭೆಯಲ್ಲಿ ಚರ್ಚೆಯಿಲ್ಲ, ಮತವಿಲ್ಲ, ಒಬ್ಬರ ಸಹಿಯಿಂದ ಕೋಟ್ಯಂತರ ಜನರ ಅನ್ನದ ಲೆಕ್ಕ ಬದಲಾಯಿತು. ಅಧ್ಯಕ್ಷರಿಗೆ ಆ ಅಧಿಕಾರ ಇದೆಯೇ ಎಂದು ಅಲ್ಲಿನ ನ್ಯಾಯಾಲಯಗಳೇ ಕೇಳಬೇಕಾಯಿತು. ಇದನ್ನೇ ತಮ್ಮ ದೇಶದ ಹಳೆಯ ಹಿರಿಮೆಯನ್ನು ಕಾಪಾಡುವ ಕ್ರಮ ಎಂದು ಅಲ್ಲಿನವರು ಹೇಳಿಕೊಂಡಾಗ ನನಗೆ ದುಃಖವಾಗುತ್ತದೆ. ಕಾಪಾಡುವ ಹೆಸರಿನಲ್ಲಿ ಅವರು ಕೆಡವುತ್ತಿರುವುದು ತಮ್ಮ ಹಿರಿಯರು ಕಟ್ಟಿದ್ದನ್ನೇ.

ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಸಭೆಯ ಪದ್ಧತಿ ಮೈಸೂರು ಸೀಮೆಗೆ ಹೊಸದೇನಲ್ಲ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಮೈಸೂರಿನಲ್ಲಿ ಕೂಡಿಸಿದರು. ಮೊದಲಿಗೆ ಅದಕ್ಕೆ ಅಧಿಕಾರವೇನೂ ಇರಲಿಲ್ಲ; ದಿವಾನರು ವರದಿ ಓದುವುದು, ಪ್ರತಿನಿಧಿಗಳು ಕಷ್ಟ ಹೇಳಿಕೊಳ್ಳುವುದು, ಅಷ್ಟೇ. 1891ರಲ್ಲಿ ಚುನಾವಣೆ ಬಂತು. 1907ರಲ್ಲಿ ಶಾಸನ ಪರಿಷತ್ತು ಬಂತು. 1923ರಲ್ಲಿ ಪ್ರತಿನಿಧಿ ಸಭೆಗೆ ಕಾನೂನಿನ ಬಲ ಬಂತು, ಹೆಂಗಸರಿಗಿದ್ದ ತಡೆಯೂ ಹೋಯಿತು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು ನನ್ನಂಥವನ ಮನಸ್ಸಿಗೆ ಬಹಳ ಒಗ್ಗುತ್ತದೆ.

ಆದರೆ ಇಲ್ಲೊಂದು ಮಾತನ್ನು ಮುಚ್ಚಿಡಬಾರದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿದರು, ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಜಾತಿಗಳಿಗೆ ಪಾಲು ಕೊಡುವ ಬಗೆ ಹೇಗೆಂದು ನೋಡಲು. ಅದಕ್ಕೆ ಬಂದ ವಿರೋಧ ಹೆಚ್ಚಾಗಿ ನಮ್ಮ ಬಡಾವಣೆಗಳಂಥ ಕಡೆ ನೆಲೆಸಿದ್ದ, ಓದಿ ಕೆಲಸ ಹಿಡಿದಿದ್ದ ವರ್ಗದಿಂದಲೇ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದೂ ಆ ವರ್ಷದ ಕೊನೆಗೆ, ಈ ಭಿನ್ನಾಭಿಪ್ರಾಯದ ಕಾರಣಕ್ಕೆ. ಅವರ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಆ ವಿಷಯದಲ್ಲಿ ಮಹಾರಾಜರು ಹಿಡಿದದ್ದೇ ಸರಿಯಾದ ದಾರಿ. ಒಕ್ಕಲಿಗರು, ಲಿಂಗಾಯತರು, ಮುಸಲ್ಮಾನರು, ಕುರುಬರು, ದಲಿತರು ಒಳಗೆ ಬಂದದ್ದರಿಂದ ಕಚೇರಿಯೂ ಸಭೆಯೂ ಇಡೀ ನಾಡಿನದಾಯಿತು.  ಸಂಪ್ರದಾಯ ಎಂಬ ಮಾತನ್ನು ಬಾಗಿಲಿಗೆ ಹಾಕುವ ಅಗುಳಿಯ ಹಾಗೆ ಬಳಸುವವರ ಜೊತೆ ನಾನಿಲ್ಲ.

ಇಷ್ಟು ಜನ ಇಷ್ಟು ವರ್ಷ ದುಡಿದು ಕಟ್ಟಿದ ಸಭೆಗಳ ಈಗಿನ ಸ್ಥಿತಿ ನೋಡಿ. 2020ರ ಡಿಸೆಂಬರ್ 15ರಂದು ನಮ್ಮ ವಿಧಾನ ಪರಿಷತ್ತಿನಲ್ಲಿ ಪೀಠದಲ್ಲಿ ಕೂತಿದ್ದ ಉಪಸಭಾಪತಿಯವರನ್ನು ಸದಸ್ಯರು ಕೈಹಿಡಿದು ಎಳೆದು ಕೆಳಗಿಳಿಸಿದರು. ಡಿ.ವಿ.ಜಿ. ಸದಸ್ಯರಾಗಿದ್ದ ಶಾಸನ ಪರಿಷತ್ತಿನ ಪರಂಪರೆಯ ಮನೆ ಅದು. ಉಪಸಭಾಪತಿಯವರು ಪೀಠದಲ್ಲಿ ಕೂತದ್ದು ಸರಿಯೇ, ನಿಯಮ ಏನು ಹೇಳುತ್ತದೆ ಎಂಬುದು ಚರ್ಚೆಯ ವಿಷಯ, ಇರಲಿ. ಟೆಲಿವಿಷನ್‌ನಲ್ಲಿ ಅದನ್ನು ನೋಡಿದ ಮಕ್ಕಳಿಗೆ ಶಾಲೆಯ ಸಭೆಯಲ್ಲಿ ಕೈಯೆತ್ತಿ ಮಾತಾಡಿ ಎಂದು ಯಾವ ಮುಖ ಹೊತ್ತು ಹೇಳುವುದು?

ಅದಕ್ಕೂ ಒಂದು ವರ್ಷ ಮುಂಚೆ, 2019ರಲ್ಲಿ, 17 ಮಂದಿ ಶಾಸಕರು ತಮ್ಮ ಪಕ್ಷಗಳಿಂದ ಜಾರಿದರು, ಸರ್ಕಾರ ಬಿತ್ತು, ಎಲ್ಲರೂ ಅನರ್ಹರಾದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಬಹುಪಾಲು ಜನ ಹೊಸ ಚಿಹ್ನೆಯ ಮೇಲೆ ಗೆದ್ದು ಬಂದರು. ಗೆಲ್ಲಿಸಿದವರು ನಾವೇ. ಪಕ್ಷಾಂತರ ತಡೆಯಲು 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯನ್ನೇ ಸೇರಿಸಿದೆವು. ಮತದಾರನೇ ಕ್ಷಮಿಸಿ ಕಳಿಸಿದ ಮೇಲೆ ಕಾನೂನು ಏನು ಮಾಡೀತು?

ದೆಹಲಿಯದೂ ಅದೇ ಕಥೆ. ಮೊದಲ ಲೋಕಸಭೆ ತನ್ನ ಐದು ವರ್ಷದಲ್ಲಿ 677 ದಿನ ಕೂಡಿತ್ತು. ಹದಿನೇಳನೆಯ ಲೋಕಸಭೆ, ಅಂದರೆ 2019ರಿಂದ 2024ರವರೆಗಿನದು, ಕೂಡಿದ್ದು 274 ದಿನ. ಉಪಸಭಾಧ್ಯಕ್ಷರನ್ನು ಆದಷ್ಟು ಬೇಗ ಆರಿಸಬೇಕೆಂದು ಸಂವಿಧಾನದ 93ನೆಯ ವಿಧಿ ಹೇಳುತ್ತದೆ. ಆ ಐದೂ ವರ್ಷ ಆ ಕುರ್ಚಿ ಖಾಲಿ ಇತ್ತು. ಪ್ರತಿಪಕ್ಷದವರು ಕೂಗಾಡಿ ಕಲಾಪ ನಿಲ್ಲಿಸುತ್ತಾರೆ, ಆಳುವವರು ಆ ಗದ್ದಲದಲ್ಲೇ ಮಸೂದೆ ಪಾಸು ಮಾಡಿಕೊಳ್ಳುತ್ತಾರೆ. ಇಬ್ಬರಿಗೂ ಇದು ಅನುಕೂಲವಾಗಿಬಿಟ್ಟಿದೆ. ಸಂಗೀತಕ್ಕೆ ಹೋಲಿಸಿ ನೋಡಿ: ಚಾಮರಾಜಪೇಟೆಯಲ್ಲಿ ರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳು 1939ರಿಂದ ನಡೆದು ಬಂದಿವೆ. ಅಲ್ಲಿ ಕೇಳಿದವರಿಗೆ ಗೊತ್ತು, ಹಾಡುವವರು ಎಷ್ಟು ದೂರ ಹೋದರೂ ತಾಳ ಒಂದಿರುತ್ತದೆ, ಆ ಭರವಸೆಯ ಮೇಲೆಯೇ ಪಕ್ಕವಾದ್ಯದವರು ಎದುರಾಡುವುದು. ಶಾಸನಸಭೆಯ ನಿಯಮಾವಳಿ ಆ ತಾಳ. ಅದನ್ನು ಬಿಟ್ಟ ಮೇಲೆ ಯಾರು ಎಷ್ಟು ಜೋರಾಗಿ ಹಾಡಿದರೂ ಕಚೇರಿಯಾಗುವುದಿಲ್ಲ.

ಇನ್ನು ನಮ್ಮೂರಿನ ಮಾತು. ಬೆಂಗಳೂರಿನಲ್ಲಿ ಪುರಸಭೆಯ ವ್ಯವಸ್ಥೆ ಶುರುವಾದದ್ದು 1862ರಲ್ಲಿ. 1949ರಲ್ಲಿ ಊರೂ ದಂಡೂ ಒಂದಾಗಿ ನಗರಪಾಲಿಕೆಯಾಯಿತು. ನಗರಗಳಿಗೆ ಚುನಾಯಿತ ಸಭೆ ಇರಲೇಬೇಕು, ಅದರ ಅವಧಿ ಐದೇ ವರ್ಷ, ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಆಗಬೇಕು ಎಂದು 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿ ಕಟ್ಟುಮಾಡಿದೆ. ನಾವು ಪಾಲಿಕೆಗೆ ಕೊನೆಯ ಸಲ ಮತ ಹಾಕಿದ್ದು 2015ರ ಆಗಸ್ಟಿನಲ್ಲಿ. 198 ವಾರ್ಡುಗಳ ಆ ಸಭೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಐದು ವರ್ಷಕ್ಕೂ ಮೀರಿ ಆಡಳಿತಾಧಿಕಾರಿಗಳೇ ನಗರವನ್ನು ನಡೆಸಿದ್ದಾರೆ. ಈ ನಡುವೆ ರಾಜ್ಯದಲ್ಲಿ ಆಳುವ ಪಕ್ಷ ಬದಲಾಯಿತು, ಈ ಒಂದು ಪದ್ಧತಿ ಬದಲಾಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನು ಒಡೆದು ಐದು ಮಾಡಿದರು. ಒಂದೋ, ಐದೋ ಎಂಬುದರ ಬಗ್ಗೆ ನನಗೆ ಹಟವಿಲ್ಲ. ಒಂದಾಗಿದ್ದಾಗ ಇಲ್ಲದ ಸದಸ್ಯರು ಐದಾದ ಮಾತ್ರಕ್ಕೆ ಹುಟ್ಟಿಬರುವುದಿಲ್ಲ ಎಂಬುದು ನನ್ನ ಮಾತು.

ಇದರ ಬಿಸಿ ಎಲ್ಲಿ ತಾಗುತ್ತದೆ ಗೊತ್ತೇ? ಹಿಂದಿನ ಮಳೆಗಾಲದಲ್ಲಿ ನಮ್ಮ ಕ್ರಾಸಿನ ಕೊನೆಯ ಮನೆಯಲ್ಲಿ ಒಂಟಿಯಾಗಿರುವ ಹಿರಿಯ ಹೆಂಗಸೊಬ್ಬರು ಒಂದು ಚೊಂಬು ನೀರು ಹಿಡಿದು ಬಂದರು. "ವಾಸನೆ ನೋಡಿ ರಾಯರೇ, ಚರಂಡಿ ನೀರು ಸಂಪಿಗೆ ಸೇರ್ತಿದೆ. ಯಾರನ್ನ ಕೇಳೋದು?" ದೂರವಾಣಿಯಲ್ಲಿ ದೂರು ಕೊಟ್ಟೆವು, ಮೊಬೈಲಿಗೆ ಒಂದು ಸಂಖ್ಯೆ ಬಂತು. ಎರಡು ದಿನ ಬಿಟ್ಟು ದೂರು ಬಗೆಹರಿದಿದೆ ಎಂಬ ಸಂದೇಶವೂ ಬಂತು. ನೀರು ಮಾತ್ರ ಹಾಗೇ ನಾರುತ್ತಿತ್ತು. ಕಡೆಗೆ ಬೀದಿಯವರೇ ದುಡ್ಡು ಹಾಕಿ ಅಗೆಸಿದೆವು. ಮುಂಚೆ ಇದ್ದ ಕಾರ್ಪೊರೇಟರುಗಳೆಲ್ಲ ಸಂತರಾಗಿರಲಿಲ್ಲ. ಆದರೆ ಆ ಮನುಷ್ಯನ ಮನೆ ಎಲ್ಲಿದೆಯೆಂದು ಈ ಹೆಂಗಸಿಗೆ ಗೊತ್ತಿರುತ್ತಿತ್ತು, ಆ ಚೊಂಬನ್ನು ಅವನ ಜಗಲಿಯ ಮೇಲೆ ಇಟ್ಟು ಬರಬಹುದಾಗಿತ್ತು, ಮುಂದಿನ ಚುನಾವಣೆಯಲ್ಲಿ ಅವನು ಆ ಕ್ರಾಸಿಗೆ ಕೈಮುಗಿದು ಬರಬೇಕಾಗಿತ್ತು. ವರ್ಗವಾಗಿ ಬಂದು ವರ್ಗವಾಗಿ ಹೋಗುವ ಅಧಿಕಾರಿ ಎಷ್ಟೇ ಪ್ರಾಮಾಣಿಕನಾಗಿರಲಿ, ಆ ಸಂಬಂಧ ಅವನಿಗೆ ಬರುವುದಿಲ್ಲ.

ಹಿಂದಿನ ಪಾಲಿಕೆಯ ಕೊನೆಯ ವರ್ಷಗಳಲ್ಲಿ ವಾರ್ಡ್ ಸಮಿತಿಗಳು ತಿಂಗಳ ಮೊದಲ ಶನಿವಾರ ಸೇರುವ ಏರ್ಪಾಡಾಗಿತ್ತು. ದೊಡ್ಡ ಸಾಧನೆಯೇನೂ ಆಗಲಿಲ್ಲ. ಬೀದಿದೀಪ, ಕಸ, ಕೊಂಬೆ ಕಡಿಯುವುದು, ಪಾದಚಾರಿ ದಾರಿ, ಇಷ್ಟೇ ವಿಷಯ. ಆದರೆ ಹೂ ಮಾರುವವರು, ಆಟೋದವರು, ನಿವೃತ್ತ ಮೇಷ್ಟ್ರು, ಅಪಾರ್ಟ್‌ಮೆಂಟಿನ ಹುಡುಗರು ಒಂದೇ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಒಬ್ಬರ ಮಾತು ಮುಗಿಯಲಿ ಎಂದು ಇನ್ನೊಬ್ಬರು ಕಾಯುತ್ತಿದ್ದರು. ಮೊದಮೊದಲು ಕಾಯುತ್ತಿರಲಿಲ್ಲ, ಕೂಡುತ್ತ ಕೂಡುತ್ತ ಕಲಿತರು. ಹೆಂಗಸರು ಎರಡನೆಯ ಮೂರನೆಯ ಸಭೆಯಿಂದ ಧೈರ್ಯವಾಗಿ ಮಾತಾಡತೊಡಗಿದರು. ಭದ್ರತಾ ಮಂಡಳಿಯಲ್ಲಿ ರಾವ್ ಅವರಿಂದ ಲೋಕ ನಿರೀಕ್ಷಿಸಿದ್ದೂ ಇದೇ ನಡವಳಿಕೆಯನ್ನು.

ಮತ ಕೇಳಲು ಅಭ್ಯರ್ಥಿಗಳು ಬಂದಾಗ ನಮ್ಮ ಬೀದಿಯವರು ಏನು ಕೇಳಬೇಕೆಂದು ಮಾತಾಡಿಕೊಂಡಿದ್ದೇವೆ. ಅವರ ಜಾತಿ ಬೇಡ, ದೆಹಲಿಯಲ್ಲಿ ಯಾರ ಪರ ಎಂಬುದೂ ಬೇಡ. ವಾರ್ಡ್ ಸಮಿತಿಯನ್ನು ತಿಂಗಳ ಯಾವ ದಿನ, ಯಾವ ಜಾಗದಲ್ಲಿ, ಎಷ್ಟು ಹೊತ್ತಿಗೆ ಸೇರಿಸುತ್ತೀರಿ? ನಡಾವಳಿಯನ್ನು ಕನ್ನಡದಲ್ಲಿ ಬರೆಸಿ ಯಾವ ಗೋಡೆಗೆ ಅಂಟಿಸುತ್ತೀರಿ? ನಿಮ್ಮನ್ನು ಒಪ್ಪದವರಿಗೆ ಮಾತಾಡಲು ಎಷ್ಟು ನಿಮಿಷ ಕೊಡುತ್ತೀರಿ? ಉತ್ತರವನ್ನು ಕಾಗದದ ಮೇಲೆ ಬರೆದು ಸಹಿ ಹಾಕಿಕೊಡಲು ಒಪ್ಪುವವರು ಯಾವ ಪಕ್ಷದವರಾದರೂ ಸರಿ, ನನ್ನ ಮತ ಅವರಿಗೆ. ನಿಮ್ಮ ನಿಮ್ಮ ವಾರ್ಡಿನಲ್ಲಿ ನೀವೂ ಕೇಳಿ.